ಪುಟ್ಟ ಕ್ಯಾಸೆಟ್, ದೊಡ್ಡ ಹುಣಸೆ ಮರ

ಮಕ್ಕಳೇ, ಸವಣೂರಿನ ದೊಡ್ಡ ಹುಣಸೆ ಮರಗಳನ್ನು ನೋಡಿದ್ದೀರಾ? ಹತ್ತಿಮತ್ತೂರಿನ ಮಕ್ಕಳಂತೂ ನೋಡಿಯೇ ಇರುತ್ತೀರಿ. ಆಫ್ರಿಕಾ ಮೂಲದ ಈ ಮೂರು ಮರಗಳಲ್ಲಿ ಒಂದು 2023ರಲ್ಲಿ ಉರುಳಿಬಿತ್ತು. ಅದನ್ನು ಎತ್ತಿ ಮತ್ತೆ ನೆಟ್ಟರು. ಆದರೆ ಅದು ಮೊದಲು ನಿಂತಿದ್ದ ದೃಶ್ಯವನ್ನು ಇನ್ನು ಯಾರೂ ಚಿತ್ರೀಕರಿಸಲಾರರು. 2000ದ ದಶಕದಲ್ಲಿ ಶಾಲಾ ಪ್ರವಾಸದಲ್ಲೋ, ಕಾಕಾನ ಮದುವೆಯಲ್ಲೋ ಯಾರಾದರೂ ಅದನ್ನು ಚಿತ್ರೀಕರಿಸಿದ್ದರೆ? ಆ ದೃಶ್ಯ ಒಂದು ಪುಟ್ಟ 'ಮಿನಿ ಡಿವಿ' ಕ್ಯಾಸೆಟ್‌ನಲ್ಲಿ ಉಳಿದಿರಬಹುದು!

ಟೇಪಿನಲ್ಲಿ ಏನಿದೆ?

1995ರಲ್ಲಿ ಬಂದ ಈ ಕ್ಯಾಸೆಟ್‌ನೊಳಗೆ 6.35 ಮಿ.ಮೀ. ಅಗಲದ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಇದೆ. ಅದರ ಮೇಲೆ ಕಾಂತವಾಗಬಲ್ಲ ಲೋಹದ ಲೇಪನವಿದೆ. ಕ್ಯಾಮೆರಾ ಚಿತ್ರವನ್ನು 0 ಮತ್ತು 1 ಎಂಬ ಅಂಕಿಗಳಾಗಿ ಬದಲಿಸಿ, ಕಾಂತದ ಗುರುತುಗಳಾಗಿ ದಾಖಲಿಸುತ್ತದೆ. ಕ್ಯಾಮೆರಾದೊಳಗಿನ ಉರುಳೆ ಸೆಕೆಂಡಿಗೆ 150 ಸುತ್ತು ತಿರುಗುತ್ತದೆ. ಅದರಲ್ಲಿ ಎರಡು ಹೆಡ್‌ಗಳಿರುವುದರಿಂದ ಸೆಕೆಂಡಿಗೆ 300 ಓರೆ ಗೆರೆಗಳು ಮೂಡುತ್ತವೆ. ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಅಂದರೆ ಒಂದು ಚಿತ್ರಕ್ಕೆ 300 ÷ 25 = 12 ಗೆರೆಗಳು.

ಕಂಪ್ಯೂಟರಿಗೆ ವರ್ಗಾಯಿಸುವುದು ಹೇಗೆ?

1. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಕ್ಯಾಮೆರಾದೊಳಗೆ ಹಾಕಬೇಡಿ. ಹೆಡ್ ಕೆಡುತ್ತದೆ.

2. ಕ್ಯಾಸೆಟ್ ಅಂಚಿನ ಚಿಕ್ಕ ಗುಂಡಿಯನ್ನು 'ಸೇವ್' ಕಡೆಗೆ ಸರಿಸಿ. ಆಗ ಹಳೆಯದರ ಮೇಲೆ ಹೊಸದು ದಾಖಲಾಗುವುದಿಲ್ಲ.

3. ಕ್ಯಾಮೆರಾವನ್ನು 'ಫೈರ್‌ವೈರ್' ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ. ಇಂದಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಈ ಕಿಂಡಿ ಇರುವುದಿಲ್ಲ. ಮೇಜಿನ ಕಂಪ್ಯೂಟರಿಗೆ ಪ್ರತ್ಯೇಕ ಕಾರ್ಡ್ ಹಾಕಿಸಬೇಕು.

4. ಟೇಪನ್ನು ಓಡಿಸಿ. ಕಂಪ್ಯೂಟರಿನ ತಂತ್ರಾಂಶ ಅದನ್ನು ಉಳಿಸಿಕೊಳ್ಳುತ್ತದೆ.

60 ನಿಮಿಷದ ಟೇಪಿಗೆ 60 ನಿಮಿಷವೇ ಬೇಕು. ಏಕೆಂದರೆ ಇಡೀ ಟೇಪು ಹೆಡ್‌ನ ಮುಂದೆ ಹಾದುಹೋಗಲೇಬೇಕು. ಇಲ್ಲಿ ಅಂಕಿಗಳೇ ನಕಲಾಗುವುದರಿಂದ ಚಿತ್ರ ಮಸುಕಾಗುವುದಿಲ್ಲ. ನಕಲನ್ನು ಎರಡು ಬೇರೆ ಬೇರೆ ಕಡೆ ಇಡಿ. ಟೇಪನ್ನೂ ಎಸೆಯಬೇಡಿ.

ಅವಸರವೇಕೆ?

ಬಿಸಿಲು, ತೇವ, ಧೂಳು ಟೇಪಿನ ಶತ್ರುಗಳು. ಅದನ್ನು ಓದುವ ಕ್ಯಾಮೆರಾಗಳೂ ಕೆಟ್ಟು ಮೂಲೆ ಸೇರುತ್ತಿವೆ. ಟೇಪು ಚೆನ್ನಾಗಿದ್ದರೂ ಓದುವ ಯಂತ್ರವಿಲ್ಲದಿದ್ದರೆ ಚಿತ್ರ ಕಾಣದು.

ಲೆಕ್ಕ ಮಾಡಿ

ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಜಾಗ ಬೇಕು. 500 ಜಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಇಂಥ ಎಷ್ಟು ಟೇಪುಗಳು ಪೂರ್ತಿಯಾಗಿ ಹಿಡಿಸುತ್ತವೆ? (ಉತ್ತರ: 38)

ಮಾಡಿ ನೋಡಿ

ಮನೆಯ ಟ್ರಂಕಿನಲ್ಲಿ ಇಂಥ ಕ್ಯಾಸೆಟ್ ಇದೆಯೇ ಎಂದು ಹಿರಿಯರನ್ನು ಕೇಳಿ. ಸಿಕ್ಕರೆ ಊರು, ವರ್ಷ, ಸಂದರ್ಭವನ್ನು ಕೇಳಿ ತಿಳಿದು ಅದರ ಡಬ್ಬಿಯ ಮೇಲೆ ಬರೆದಿಡಿ. ನಂತರ ನಿಮ್ಮ ಶಿಕ್ಷಕರಿಗೆ ತಿಳಿಸಿ.