ಸವಾಲಿನ ಹಾಡಿಗೆ ಜವಾಬು ಎಲ್ಲಿ?

ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರಕ್ಕೆ ಓದಲು ಬರುವ ಹುಡುಗರ ಕಿವಿಯಲ್ಲಿ ಈಗ ರ‍್ಯಾಪ್ ಇರುತ್ತದೆ. 'ಸರ್, ಅದರಾಗ ಬರೇ ಬೈಗುಳ, ಕುಡಿತ' ಎಂದು ಪಾಲಕರು ಮೇಷ್ಟ್ರಾದ ನನ್ನ ಬಳಿ ಬಂದು ಹೇಳುತ್ತಾರೆ. ಆ ಹಾಡನ್ನು ಒಮ್ಮೆಯೂ ಕೂತು ಕೇಳದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ರ‍್ಯಾಪ್‌ನಲ್ಲಿ ರಾಗಕ್ಕಿಂತ ಮಾತಿಗೆ ತೂಕ ಹೆಚ್ಚು. ತಾಳದ ಮೇಲೆ ಪ್ರಾಸ ಕಟ್ಟಿದ ಮಾತು ಓಡುತ್ತದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಕೇರಿಗಳಲ್ಲಿ ಬೆಳೆದ ಕಲೆ ಇದು. ಇಬ್ಬರು ಎದುರುಬದುರು ನಿಂತು ಮಾತಿನಲ್ಲೇ ಒಬ್ಬರನ್ನೊಬ್ಬರು ಕೆಡವುವ ಪಂದ್ಯವೂ ಅದರೊಳಗೆ ಉಂಟು.

ನಮ್ಮ ಕಡೆಯ ಹಿರಿಯರಿಗೆ ಇಂಥದ್ದು ಗೊತ್ತು. ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಮೇಳಗಳು ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಹಾಡುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದರೆ ನಾಗೇಶಿಯವರು ಹೆಣ್ಣು ಹೆಚ್ಚೆನ್ನುತ್ತಾರೆ. ಮಾತು ಖಾರವಾಗುತ್ತದೆ, ಚುಚ್ಚುತ್ತದೆ. ಆದರೆ ಹೆಣ್ಣನ್ನು ಹಳಿದ ಹಾಡಿಗೆ ಅದೇ ಕಟ್ಟೆಯ ಮೇಲೆ ಜವಾಬು ಸಿಗುತ್ತದೆ. ಕೇಳುವ ಮಂದಿ ಎರಡನ್ನೂ ತೂಗಿ ಮನೆಗೆ ಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಫೋನಿನಲ್ಲಿ ಒಬ್ಬನೇ ಕೇಳುವ ಹುಡುಗನಿಗೆ ಸವಾಲು ಮಾತ್ರ ಕೇಳಿಸುತ್ತದೆ.

ಹಾಡಿಗೆ ಆಕ್ಷೇಪ ಬಂದಾಗ ಕನ್ನಡದಲ್ಲೇ ನಡೆದದ್ದನ್ನು ನೋಡಿ. ರ‍್ಯಾಪ್ ಗಾಯಕ ಚಂದನ್ ಶೆಟ್ಟಿಯವರ ಗಾಂಜಾ ಕುರಿತ ಹಳೆಯ ಸಿನಿಮಾ ಹಾಡೊಂದಕ್ಕೆ 2019ರಲ್ಲಿ ಬೆಂಗಳೂರಿನ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ನೋಟಿಸು ಕೊಟ್ಟರು. ಮರುವರ್ಷ ಚಂದನ್ 'ಕೋಲುಮಂಡೆ ಜಂಗಮದೇವ'ರ ಜನಪದ ಹಾಡನ್ನು ಹೊಸ ಧಾಟಿಯಲ್ಲಿ ತಂದಾಗ, ಆ ಹಾಡಿನ ಶರಣೆ ಸಂಕಮ್ಮನನ್ನು ವಿಡಿಯೊದಲ್ಲಿ ತೋರಿಸಿದ ರೀತಿಗೆ ಮಲೆ ಮಹದೇಶ್ವರನ ಭಕ್ತರು ನೊಂದರು. ಹಾಡನ್ನು ಯೂಟ್ಯೂಬಿನಿಂದ ತೆಗೆದರು, ಅವರು ಕ್ಷಮೆಯನ್ನೂ ಕೇಳಿದರು. ಅಲ್ಲಿ ಪದಗಳಿಗಿಂತ ದೃಶ್ಯ ನೋಯಿಸಿತ್ತು ಎಂಬುದನ್ನು ಗಮನಿಸಬೇಕು.

ಹಾಗೆಂದು ಒರಟು ಮಾತೆಲ್ಲ ಕೆಟ್ಟದ್ದಲ್ಲ. ಅಮೆರಿಕದ ಎನ್‌ಡಬ್ಲ್ಯುಎ ರ‍್ಯಾಪ್ ತಂಡ 1988ರಲ್ಲಿ ಪೊಲೀಸರ ದೌರ್ಜನ್ಯದ ಮೇಲೆ ಹಾಡಿತು. ಮರುವರ್ಷ ಎಫ್‌ಬಿಐ ಎಂಬ ಅಲ್ಲಿನ ತನಿಖಾ ಸಂಸ್ಥೆಯ ಅಧಿಕಾರಿಯೊಬ್ಬರು ಧ್ವನಿಮುದ್ರಿಕೆ ಕಂಪನಿಗೆ ಆಕ್ಷೇಪದ ಪತ್ರ ಬರೆದರು. ಆ ಬೈಗುಳದ ಹಿಂದೆ ಒದೆ ತಿಂದವರ ಸಿಟ್ಟಿತ್ತು. ನಶೆಯನ್ನು ಶೌರ್ಯ ಮಾಡುವ, ಹುಡುಗಿಯನ್ನು ಸಾಮಾನು ಮಾಡುವ ಹಾಡನ್ನು ಅದರ ಪಕ್ಕ ಕೂರಿಸಲು ನಾನು ಒಪ್ಪುವುದಿಲ್ಲ.

ಒಂದು ಹಾಡು ಕೇಳಿ ಹುಡುಗ ಕುಡುಕನಾಗುತ್ತಾನೆಂದು ನಾನು ನಂಬುವುದಿಲ್ಲ. ಆದರೆ ಮಾತು ನಾಲಿಗೆಗೆ ಹತ್ತುತ್ತದೆ. ಹುಡುಗನೊಬ್ಬ ಹಾಡಿನಲ್ಲಿ ಕೇಳಿದ ಮಾತನ್ನೇ ತರಗತಿಯ ಹುಡುಗಿಯ ಮೇಲೆ ಎಸೆದದ್ದನ್ನು ಕಂಡಿದ್ದೇನೆ.

ಆ ದಿನ ಹಾಡನ್ನು ನಿಲ್ಲಿಸು ಎನ್ನಲಿಲ್ಲ. ಪೂರ್ತಿ ಹಾಡಿಸಿದೆ, ಆಮೇಲೆ ಹುಡುಗಿಯರಿಗೆ ಜವಾಬು ಕಟ್ಟಲು ಹೇಳಿದೆ. ಎರಡು ದಿನದ ಮೇಲೆ ಬೆಂಚನ್ನೇ ಡಪ್ಪು ಮಾಡಿಕೊಂಡು ನಾಲ್ವರು ಹಾಡಿದರು. ಅವನು ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ. 'ಸರ್, ನನಗ ಸೋಮವಾರತನಕ ಟೈಮ್ ಕೊಡ್ರಿ' ಎಂದ.