ಡಿಶ್ ಹಾಕಿಸಿದ ಮೇಲೆ ರೇಡಿಯೊ ಗೊರ್ ಅನ್ನುತ್ತಿದೆಯೇ?

ಬೆಳಗಿನ ಜಾವ ಹಾಲು ಕರೆಯುವಾಗ ಕೊಟ್ಟಿಗೆಯ ಗೋಡೆಗೂಡಿನಲ್ಲಿ ರೇಡಿಯೊ ಇಟ್ಟುಕೊಳ್ಳುವ ಅಕ್ಕಂದಿರು ನಮ್ಮ ಸಂಘಗಳಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಎರಡೂ ಕೈ ಕೆಚ್ಚಲ ಮೇಲಿರುವಾಗ ಮೊಬೈಲು ನೋಡಲು ಆಗುವುದಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ಮಳೆಯ ಮುನ್ಸೂಚನೆ, ಕಾಲುಬಾಯಿ ಜ್ವರದ ಲಸಿಕೆಯ ಸುದ್ದಿ, ಕೃಷಿರಂಗ ಎಲ್ಲವೂ ಆ ಹೊತ್ತಿನಲ್ಲೇ ಕಿವಿಗೆ ಬೀಳಬೇಕು.

ಒಂದು ಮಹಿಳಾ ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ತಮ್ಮ ರೇಡಿಯೊ ಕೆಟ್ಟಿದೆ ಎಂದು ಹೇಳಿಕೊಂಡರು. ಎರಡು ಸಲ ರಿಪೇರಿ ಅಂಗಡಿಗೆ ಒಯ್ದಿದ್ದರು. ಅಂಗಡಿಯಲ್ಲಿ ಚೆನ್ನಾಗಿ ಹಾಡುತ್ತದೆ, ಮನೆಗೆ ತಂದರೆ ಗೊರ್ ಎನ್ನುತ್ತದೆ. ಯಾವಾಗಿನಿಂದ ಹೀಗೆ ಎಂದು ಕೇಳಿದರೆ, 'ಹಬ್ಬಕ್ಕೆ ಡಿಶ್ ಹಾಕಿಸಿದೆವಲ್ಲ, ಆವತ್ತಿನಿಂದ' ಎಂದರು. ಕೆಟ್ಟಿದ್ದು ರೇಡಿಯೊ ಅಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು.

ಹಾಗೆಂದು ತಪ್ಪು ಮಾಳಿಗೆಯ ಮೇಲಿನ ತಟ್ಟೆಯದೂ ಅಲ್ಲ. ಡಿಶ್ ಏನನ್ನೂ ಬಿತ್ತರಿಸುವುದಿಲ್ಲ, ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಬರುವ ಸಂಕೇತವನ್ನು ಹಿಡಿಯುತ್ತದೆ ಅಷ್ಟೆ. ತಟ್ಟೆಯ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಆ ಸಂಕೇತವನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್ಲಿನಲ್ಲಿ ಕಳಿಸುತ್ತದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್, ಧಾರವಾಡದ್ದು 765 ಕಿಲೋಹರ್ಟ್ಸ್. ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್ ಒಳಗೆ. ಇವೆಲ್ಲ ಬೇರೆ ಬೇರೆ ದಾರಿಗಳು, ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಸೆಟ್‌ಟಾಪ್ ಬಾಕ್ಸಿಗೆ ಕರೆಂಟು ಕೊಡುವ ಪುಟ್ಟ ಅಡಾಪ್ಟರ್. ಅದರೊಳಗೆ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೂಡಿಸುವ ಕೆಲಸ ನಡೆಯುತ್ತದೆ. ಒಳ್ಳೆಯ ಅಡಾಪ್ಟರಿನಲ್ಲಿ ಆ ಗದ್ದಲ ಹೊರಬಾರದಂತೆ ತಡೆಯುವ ಬಿಡಿಭಾಗಗಳಿರುತ್ತವೆ. ಸಂತೆಯಲ್ಲಿ ಸಿಗುವ ಅಗ್ಗದ್ದರಲ್ಲಿ ಮೊದಲು ಕೈಬಿಡುವುದೇ ಅವನ್ನು. ಗದ್ದಲ ಮನೆಯ ವೈರಿಂಗಿಗೆ ಇಳಿಯುತ್ತದೆ, ಡಿಶ್ಶಿನ ಕೇಬಲ್ಲಿನ ಹೊರಮೈಯನ್ನೂ ಹಿಡಿದು ಓಡುತ್ತದೆ. ಆಗ ಆ ಉದ್ದನೆಯ ಕೇಬಲ್ಲೇ ಏರಿಯಲ್ ಆಗಿ ಗದ್ದಲವನ್ನು ಕೊಟ್ಟಿಗೆಯವರೆಗೂ ಹರಡುತ್ತದೆ. ಮಧ್ಯಮ ತರಂಗಕ್ಕೆ ಇದರ ಕಾಟ ಹೆಚ್ಚು, ಎಫ್‌ಎಂಗೆ ಕಡಿಮೆ.

ಕಳ್ಳನನ್ನು ಹಿಡಿಯುವ ಬಗೆ

ರೇಡಿಯೊಗೆ ಸೆಲ್ಲು ಹಾಕಿ ಗದ್ದಲ ಕೇಳುವ ಹಾಗೆ ಇಡಿ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಗದ್ದಲ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಮೇನ್ ಹಾಕಿ, ಒಂದೊಂದೇ ಸ್ವಿಚ್ ಒತ್ತುತ್ತ ಬನ್ನಿ. ಯಾವುದನ್ನು ಹಾಕಿದಾಗ ಗೊರ್ ಶುರುವಾಯಿತೋ ಅದೇ. ಇಲ್ಲಿ ಬಹಳ ಮಂದಿ ಏಮಾರುತ್ತಾರೆ: ರಿಮೋಟಿನಲ್ಲಿ ಬಾಕ್ಸ್ ಆರಿಸಿದರೆ ಅಡಾಪ್ಟರ್ ನಿಲ್ಲುವುದಿಲ್ಲ, ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ಕೆಲವು ಮನೆಗಳಲ್ಲಿ ಡಿಶ್ಶನ್ನು ಬೈದ ಮೇಲೆ ನೋಡಿದರೆ ಕೊಟ್ಟಿಗೆಗೆ ಹಾಕಿದ ಅಗ್ಗದ ಎಲ್‌ಇಡಿ ಬಲ್ಬು ಸಿಕ್ಕಿಬಿದ್ದದ್ದೂ ಇದೆ.

ಮೇನ್ ಆರಿಸಿದರೂ ಗದ್ದಲ ಇದ್ದರೆ ಅದು ಹೊರಗಿನದು. ಸೆಕೆಂಡಿಗೊಮ್ಮೆ ಟಕ್, ಟಕ್ ಎಂದು ಗಡಿಯಾರದಂತೆ ಬಡಿದರೆ ಹೊಲದ ಝಟ್ಕಾ ಬೇಲಿಯನ್ನು ನೋಡಿ, ತಂತಿಗೆ ಹುಲ್ಲು ಬಳ್ಳಿ ತಾಗಿ ಕಿಡಿ ಹಾರುತ್ತಿರುತ್ತದೆ. ಬಿಡದೆ ಚರಚರ ಎಂದರೆ ವಿದ್ಯುತ್ ಕಂಬದ ಪಿಂಗಾಣಿಯೋ ಸಡಿಲ ಜಂಪರೋ ಇರಬಹುದು. ಕಂಬ ಮುಟ್ಟಲು ಹೋಗಬೇಡಿ, 1912ಕ್ಕೆ ಫೋನ್ ಮಾಡಿ ಕಂಬದ ನಂಬರ್ ಹೇಳಿ.

ಅಡಾಪ್ಟರೇ ಕಾರಣ ಎಂದಾದರೆ ಬಾಕ್ಸಿನ ಮೇಲೆ ಬರೆದಿರುವ ವೋಲ್ಟು, ಆಂಪಿಯರಿಗೆ ಸರಿಹೊಂದುವ, ಬಿಐಎಸ್ ಗುರುತಿರುವ ಅಡಾಪ್ಟರ್ ತನ್ನಿ. ಲ್ಯಾಪ್‌ಟಾಪ್ ವೈರಿನಲ್ಲಿ ಕಪ್ಪು ಗಂಟಿನಂಥದ್ದು ನೋಡಿರುತ್ತೀರಿ, ಅದು ಫೆರೈಟ್. ಎರಡು ಹೋಳಾಗಿ ತೆರೆದು ಮುಚ್ಚುವ ಫೆರೈಟ್ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುತ್ತದೆ. ಅಡಾಪ್ಟರಿನ ತೆಳು ವೈರನ್ನು ಬಾಕ್ಸಿನ ಹತ್ತಿರ ಅದರೊಳಗೆ ಮೂರು ನಾಲ್ಕು ಸುತ್ತು ಸುತ್ತಿ ಮುಚ್ಚಿದರೆ ಗದ್ದಲ ಎಷ್ಟೋ ತಗ್ಗುತ್ತದೆ. ಖರ್ಚೇ ಇಲ್ಲದ ಉಪಾಯವೂ ಒಂದಿದೆ. ಮಧ್ಯಮ ತರಂಗ ಹಿಡಿಯುವ ಕಡ್ಡಿ ರೇಡಿಯೊದ ಹೊಟ್ಟೆಯೊಳಗೇ ಅಡ್ಡ ಮಲಗಿರುತ್ತದೆ. ರೇಡಿಯೊವನ್ನು ಇದ್ದಲ್ಲೇ ನಿಧಾನ ತಿರುಗಿಸಿ. ಒಂದು ದಿಕ್ಕಿನಲ್ಲಿ ಗದ್ದಲ ಕುಗ್ಗಿ ಮಾತು ತಿಳಿಯಾಗುತ್ತದೆ.

ಹಾಕಿಸುವ ದಿನವೇ ನೋಡಿಕೊಳ್ಳುವುದು

ಡಿಡಿ ಫ್ರೀ ಡಿಶ್ಶಿನ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮ ಕಡೆಯಿಂದ ಅದು ಆಗ್ನೇಯಕ್ಕೆ, ವಾಸ್ತುವಿನವರು ಅಡುಗೆಮನೆಗೆ ಹೇಳುವ ಮೂಲೆಗೆ, ಸಾಕಷ್ಟು ಎತ್ತರದಲ್ಲಿ ಬರುತ್ತದೆ. ಆ ದಿಕ್ಕಿನಲ್ಲಿ ತೆಂಗಿನ ಗರಿ, ಸಿಲ್ವರ್ ಓಕ್ ಕೊಂಬೆ ಇರಬಾರದು, ಮುಂದಿನ ಮಳೆಗಾಲಕ್ಕೆ ಬೆಳೆದು ಅಡ್ಡ ಬರುವಂತೆಯೂ ಇರಬಾರದು.

ಕೇಬಲ್ ಡಿಶ್ಶಿನಿಂದ ಬಾಕ್ಸಿನವರೆಗೆ ಒಂದೇ ತುಂಡಾಗಿರಲಿ. ನಡುವೆ ಹೆಣೆದು ಟೇಪು ಸುತ್ತಲು ಬಿಡಬೇಡಿ. ಕೇಬಲ್ಲಿನೊಳಗೆ ನಡುವೆ ತಾಮ್ರದ ಎಳೆ, ಸುತ್ತ ಜಾಲರಿ ಇರುತ್ತದೆ. ಹೊರಗಿನ ಗದ್ದಲ ಒಳಬಾರದಂತೆ ಕಾಯುವುದು ಆ ಜಾಲರಿ, ಅದು ತುದಿಯ ಕನೆಕ್ಟರಿನ ಲೋಹಕ್ಕೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಮೊಬೈಲಿನ ಸಂಕೇತ ನುಗ್ಗಿ ಟಿವಿ ಚಿತ್ರ ಒಡೆಯುತ್ತದೆ. ಫೋನಿನ 1800 ಮೆಗಾಹರ್ಟ್ಸ್ ಸಂಕೇತ ಕೇಬಲ್ಲಿನಲ್ಲಿ ಬರುವ ಸಂಕೇತದ ನಡುವೆಯೇ ಬೀಳುತ್ತದೆ. ಬಾಕ್ಸಿನ ಮೇಲೆ ಫೋನ್ ಇಡುವ ಅಭ್ಯಾಸವನ್ನೂ ಬಿಡಿ. ಇನ್ನು, ಬಾಕ್ಸಿನಿಂದ ಎಲ್‌ಎನ್‌ಬಿಗೆ ಇದೇ ಕೇಬಲ್ಲಿನಲ್ಲಿ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ, ಸ್ವಿಚ್ ಆರಿಸದೆ ಬಿಚ್ಚುವುದು ಹಾಕುವುದು ಮಾಡಿದರೆ ಬಾಕ್ಸ್ ಸುಟ್ಟೀತು. ಕರೆಂಟಿನ ವೈರಿನ ಜೊತೆ ಕಟ್ಟಿ ಒಂದೇ ಪೈಪಿನಲ್ಲಿ ಕೇಬಲ್ ಎಳೆಯಬಾರದು. ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ.

ಜೋರು ಮಳೆಯಲ್ಲಿ ಚಿತ್ರ ಹೋಗುವುದು ದೋಷವಲ್ಲ, ಮಳೆಹನಿಗಳೇ ಸಂಕೇತವನ್ನು ನುಂಗುತ್ತವೆ. ಡಿಶ್ ತಿರುಗಿಸಲು ಮಾಳಿಗೆ ಹತ್ತಬೇಡಿ.

ರೇಡಿಯೊ ಗೊರಗುಟ್ಟಿದರೆ ಕಿವಿಗೆ ಕಿರಿಕಿರಿ, ಅಷ್ಟೆ. ಅರ್ಥಿಂಗ್ ತಪ್ಪಿದರೆ ರಾಸು ಹೋಗುತ್ತದೆ. ಡಿಶ್ಶಿನ ಕಂಬವನ್ನು ಕೊಟ್ಟಿಗೆಯ ತಗಡಿಗೆ ಬಿಗಿಯುವುದನ್ನೂ, ಕೇಬಲ್ಲನ್ನು ಹಗ್ಗ ಕಟ್ಟುವ ಕಬ್ಬಿಣದ ಕೊಳವೆಯ ಗುಂಟ ಎಳೆಯುವುದನ್ನೂ ಕಂಡಿದ್ದೇನೆ. ಎಲ್ಲೋ ಒಂದು ಕಡೆ ಕರೆಂಟು ಸೋರಿದರೆ ತಗಡು, ಕೊಳವೆ, ಸರಪಳಿ, ಹಸು ಎಲ್ಲ ಒಂದೇ. ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ: ತೇವ ಇರುತ್ತದೆಂದು ಅರ್ಥಿಂಗ್ ಗುಂಡಿಯನ್ನು ಗಂಜಲದ ಕಾಲುವೆಯ ಪಕ್ಕದಲ್ಲೇ ತೋಡುತ್ತಾರೆ. ಸಿಡಿಲಿನ ವಿದ್ಯುತ್ತು ಆ ಗುಂಡಿಗೆ ಇಳಿದಾಗ ಸುತ್ತಲಿನ ನೆಲದಲ್ಲಿ ಹರಡುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಎದೆ ಇದೆ. ನಮಗೆ ಬರೀ ಜುಮ್ಮೆನ್ನುವ ಕಡೆಯಲ್ಲೇ ಅದು ಬಿದ್ದು ಸಾಯಬಹುದು.

ಹಾಗಾಗಿ ಗುಂಡಿ ಕೊಟ್ಟಿಗೆಯಿಂದ, ನೀರಿನ ತೊಟ್ಟಿಯಿಂದ ದೂರ, ಮನೆಯ ಇನ್ನೊಂದು ಮಗ್ಗುಲಿಗಿರಲಿ. ಡಿಶ್ಶಿನ ಕಂಬದ ಅರ್ಥ್ ತಂತಿಯನ್ನು ಮನೆಯ ಅರ್ಥಿಂಗಿಗೆ ಸೇರಿಸುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿ. ಡಿಶ್ ಹಾಕಲು ಬರುವ ಹುಡುಗರು ಅವಸರದಲ್ಲಿರುತ್ತಾರೆ, ಕೇಳದಿದ್ದರೆ ಅರ್ಥಿಂಗಿನ ಮಾತೇ ಎತ್ತುವುದಿಲ್ಲ. ಮೋಡ ಕವಿದು ಗುಡುಗು ದೂರದಲ್ಲಿ ಕೇಳಿದಾಗಲೇ ಅಡಾಪ್ಟರಿನ ಪ್ಲಗ್ಗನ್ನೂ ಬಾಕ್ಸಿನ ಹಿಂದಿನ ಕೇಬಲ್ಲನ್ನೂ ಬಿಚ್ಚಿಡಿ. ಸಿಡಿಲು ತಲೆಯ ಮೇಲೆ ಬಂದಿದ್ದರೆ ಅದರ ಹತ್ತಿರ ಹೋಗಬೇಡಿ. ಸೆಲ್ಲಿನ ಮೇಲೆ ಓಡುವ ರೇಡಿಯೊ ಆಗಲೂ ಮಾತಾಡುತ್ತಿರುತ್ತದೆ. ಮಿಂಚಿದಾಗಲೆಲ್ಲ ಅದು ಚಟ್ ಅನ್ನುವುದು ಮಿಂಚಿನದೇ ಸದ್ದು, ಅದಕ್ಕೆ ರಿಪೇರಿ ಇಲ್ಲ.