ಈಗ ಏನು ಕೇಳುತ್ತಿದ್ದೀರಿ?



ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಹೊಸ ತರಗತಿಯ ಮೊದಲ ದಿನ ನಾವು ಹಲಗೆಯ ಮೇಲೆ ನಾಲ್ಕು ಪದಗಳನ್ನು ಬರೆಯುತ್ತೇವೆ. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಭಾಷೆ ಕಲಿಯಲು ಬೇಕಾದ ನಾಲ್ಕು ಕೌಶಲಗಳಿವು. ಮೊದಲನೆಯದು ಆಲಿಸುವುದು. ಆದರೆ ವರ್ಷವಿಡೀ ನಾವು ಅಂಕ ಕೊಡುವುದು ಹೆಚ್ಚಾಗಿ ಉಳಿದ ಮೂರಕ್ಕೆ. ಮಕ್ಕಳು ಆಲಿಸುತ್ತಿದ್ದಾರೆ ಎಂದು ನಾವು ಅಂದುಕೊಳ್ಳುತ್ತೇವೆ, ಅಷ್ಟೇ. ಈ ಸಲದ ಸಂಚಿಕೆಗೆ ವ್ಯಾಕರಣದ ಲೇಖನ ಬರೆಯಬೇಕೆಂದಿದ್ದ ನಾವು ಆಲಿಸುವ ಬಗ್ಗೆ ಬರೆಯಲು ಹೊರಟದ್ದಕ್ಕೆ ಕಾರಣ ನಮ್ಮ ಹನ್ನೊಂದನೇ ತರಗತಿಯ ಒಬ್ಬ ಹುಡುಗ. ಅವನು ಶಾಲೆಯ ವಾದ್ಯವೃಂದದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ.

ಬೇಸ್ ಎಂದರೆ ಅಡಿಪಾಯ ಎಂಬರ್ಥದ ಬೇಸ್ ಅಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಉಚ್ಚಾರ ಒಂದೇ ಆದರೂ ಕಾಗುಣಿತ ಬೇರೆ. ಇದು ತಗ್ಗು ಸ್ವರದ ಬೇಸ್. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಮಂದ್ರ ಸ್ಥಾಯಿಯ ವಾದ್ಯ. ಸಾಮಾನ್ಯ ಗಿಟಾರಿಗೆ ಆರು ತಂತಿಗಳಾದರೆ ಇದಕ್ಕೆ ಹೆಚ್ಚಾಗಿ ನಾಲ್ಕೇ, ಅವೂ ದಪ್ಪ. ಆಳೆತ್ತರದ ಡಬಲ್ ಬೇಸ್ ಎಂಬ ಹಳೆಯ ಪಿಟೀಲು ಜಾತಿಯ ವಾದ್ಯವೇ ಇದರ ಅಜ್ಜ. ಅದನ್ನು ಹೊತ್ತು ತಿರುಗುವುದು ಕಷ್ಟ, ತಮಟೆ ತುತ್ತೂರಿಗಳ ನಡುವೆ ಅದರ ಸದ್ದು ಕೇಳಿಸುವುದೂ ಕಷ್ಟ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ವಿದ್ಯುತ್ತಿನ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ವೀಣೆಗಿರುವಂತೆ ಅದಕ್ಕೆ ಮೆಟ್ಟುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿತ್ತು. ಆದ್ದರಿಂದಲೇ ಅದಕ್ಕೆ 'ಪ್ರಿಸಿಷನ್ ಬೇಸ್' ಎಂದು ಹೆಸರಿಟ್ಟರು.

ಈಗ ಹುಡುಗನ ಕಥೆಗೆ ಬರೋಣ. ಹಿಂದಿನ ವರ್ಷದ ವಾರ್ಷಿಕೋತ್ಸವದ ವಿಡಿಯೋವನ್ನು ಅವನ ಅಪ್ಪ ಶಿವಮೊಗ್ಗದಲ್ಲಿರುವ ಅಜ್ಜಿಗೆ ಮೊಬೈಲಿನಲ್ಲಿ ಕಳುಹಿಸಿದರು. ಅಜ್ಜಿ ಮೂರು ಸಲ ನೋಡಿದರಂತೆ. ಆಮೇಲೆ ಫೋನು ಮಾಡಿ, "ಏನೋ ಪುಟ್ಟ, ಎಲ್ಲರೂ ಬಾರಿಸ್ತಾ ಇದ್ರು, ನೀನು ಸುಮ್ನೆ ಹಿಡ್ಕೊಂಡು ನಿಂತಿದ್ಯಲ್ಲೋ? ನಿಂದು ಏನೂ ಕೇಳಿಸ್ಲೇ ಇಲ್ಲ" ಎಂದರು. ಮನೆಯಲ್ಲಿ ಎಲ್ಲರೂ ನಕ್ಕರು. ಅವನೂ ನಕ್ಕ. ಮರುವಾರ ಸಂಗೀತದ ಮೇಷ್ಟರ ಬಳಿ ಹೋಗಿ, ತಾನು ಬೇಸ್ ಬಿಟ್ಟು ಕೀಬೋರ್ಡ್ ಕಲಿಯುತ್ತೇನೆ ಎಂದ.

ಅಜ್ಜಿಯ ತಪ್ಪೇನೂ ಇಲ್ಲ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಕಂಪನದ ಒಂದೊಂದು ಅಲೆಯೂ ಗಾಳಿಯಲ್ಲಿ 8 ಮೀಟರಿಗಿಂತ ಉದ್ದ, ಅಂದರೆ ಸಣ್ಣದೊಂದು ಶಾಲಾ ಬಸ್ಸಿನಷ್ಟು. ಅಷ್ಟು ದೊಡ್ಡ ಅಲೆಯನ್ನು ಎಬ್ಬಿಸಬೇಕಾದರೆ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಮೊಬೈಲಿನೊಳಗಿನ ಬೆರಳುಗುರಿನಷ್ಟಗಲದ ಸ್ಪೀಕರಿಗೆ ಅದು ಆಗದ ಮಾತು. ಆ ಸ್ಪೀಕರಿನಿಂದ ಹೊರಬರುವುದು ತಗ್ಗು ಸ್ವರದ ಬೆನ್ನಿಗೇ ಹುಟ್ಟುವ ಮೇಲಿನ ಅನುಸ್ವರಗಳು ಮಾತ್ರ. ವಿಚಿತ್ರವೆಂದರೆ, ಸುತ್ತ ಗದ್ದಲವಿಲ್ಲದಿದ್ದರೆ ನಮ್ಮ ಮಿದುಳು ಆ ಅನುಸ್ವರಗಳನ್ನು ಹಿಡಿದುಕೊಂಡು, ಇಲ್ಲದ ಮೂಲಸ್ವರವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ವಾರ್ಷಿಕೋತ್ಸವದ ಸಭಾಂಗಣದಲ್ಲಿ ಡ್ರಮ್ಮು, ಚಪ್ಪಾಳೆ, ಮುಂದಿನ ಸಾಲಿನ ಪುಟಾಣಿಗಳ ಅಳು ಎಲ್ಲವೂ ಸೇರಿದಾಗ ಆ ಊಹೆಗೂ ಅವಕಾಶವಿರುವುದಿಲ್ಲ.

ಇದನ್ನೆಲ್ಲ ನಮಗೆ ಹೇಳಿಕೊಟ್ಟವನೂ ಅವನೇ. ಸಂಗೀತದ ವಿಷಯದಲ್ಲಿ ನಾವು ಭಜನೆಯ ಶ್ರುತಿಪೆಟ್ಟಿಗೆಯಿಂದ ಆಚೆ ಹೋದವರಲ್ಲ. ಬಿಡುವ ಮುಂಚೆ ಒಂದು ದಿನ ಕನ್ನಡ ತರಗತಿಗೆ ಬಂದು ನಿನ್ನ ವಾದ್ಯದ ಬಗ್ಗೆ ಹತ್ತು ನಿಮಿಷ ಮಾತನಾಡು ಎಂದು ಕರೆದೆವು. ಮಾತನಾಡುವ ಕೌಶಲಕ್ಕೆ ಅಂಕ ಬೇರೆ ಇತ್ತು! ಅವನು ಭಾಷಣ ಬರೆದುಕೊಂಡು ಬರಲಿಲ್ಲ. ಒಂದು ಪಟ್ಟಿ ತಂದ.

ಬೇಸ್ ನುಡಿಸುವವರು ಒಬ್ಬರನ್ನೊಬ್ಬರು ಕಂಡಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ, "ಈಗ ಏನು ಕೇಳುತ್ತಿದ್ದೀರಿ?" ಎಂಬುದಂತೆ. ಅವನಿಗೆ ಬೇಸ್ ಹೇಳಿಕೊಟ್ಟ ಗೋವೆಯ ಹಿರಿಯರು, ಬೇರೆ ಶಾಲೆಗಳ ವಾದ್ಯವೃಂದದ ಇಬ್ಬರು ಮಕ್ಕಳು, ಅವನ ಸೋದರಮಾವ, ಹೀಗೆ ಐದಾರು ಮಂದಿಯನ್ನು ಅವನು ಈ ಪ್ರಶ್ನೆ ಕೇಳಿ ಬರೆದುಕೊಂಡಿದ್ದ. ಕನ್ನಡದಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದಕ್ಕೆ ಪ್ರಶ್ನಿಸುವುದು, ಕಿವಿಗೊಡುವುದು ಎರಡೂ ಅರ್ಥಗಳಿರುವುದು ನಿಮಗೆ ಗೊತ್ತಿದೆ. ಈ ಪಟ್ಟಿಯಲ್ಲಿ ಎರಡು ಅರ್ಥಗಳೂ ಒಟ್ಟಿಗೇ ಇದ್ದವು.

ನಮ್ಮ ಕಣ್ಣಿಗೆ ಬಿದ್ದದ್ದು ಆ ಉತ್ತರಗಳ ಭಾಷೆ. ಯಾವ ಪುಸ್ತಕ ಓದುತ್ತಿದ್ದೀರಿ ಎಂದು ತರಗತಿಯಲ್ಲಿ ಕೇಳಿದರೆ ಹೆಸರು ಹೇಳಿ, ಚೆನ್ನಾಗಿದೆ ಮೇಡಂ ಎಂದು ಕುಳಿತುಬಿಡುತ್ತೀರಿ. ಈ ಪಟ್ಟಿಯಲ್ಲಿ 'ಚೆನ್ನಾಗಿದೆ' ಎಂಬ ಮಾತೇ ಇರಲಿಲ್ಲ. ಯಾವ ಆಲ್ಬಂ, ಯಾವ ಹಾಡು, ಗಾಯಕ ಉಸಿರೆಳೆದುಕೊಳ್ಳುವಾಗ ಕೆಳಗೆ ಏನಾಗುತ್ತದೆ ಎಂಬುದಿತ್ತು.

ಮೊದಲ ಹೆಸರು 'ಕೈಂಡ್ ಆಫ್ ಬ್ಲೂ'. ಮೈಲ್ಸ್ ಡೇವಿಸ್ ಅವರ ಜಾಝ್ ಆಲ್ಬಂ, 1959ರದ್ದು. ಅದರ ಮೊದಲ ಕೃತಿ 'ಸೋ ವಾಟ್'. ಸಾಮಾನ್ಯವಾಗಿ ತುತ್ತೂರಿಯೋ ಪಿಯಾನೋವೋ ರಾಗವನ್ನು ಎತ್ತಿಕೊಂಡರೆ ಬೇಸ್ ಹಿಂದಿನಿಂದ ಆಸರೆ ಕೊಡುತ್ತದೆ. ಇಲ್ಲಿ ಪೀಠಿಕೆ ಮುಗಿಯುತ್ತಿದ್ದಂತೆ ಪಾಲ್ ಚೇಂಬರ್ಸ್ ತಮ್ಮ ಡಬಲ್ ಬೇಸಿನಲ್ಲಿ ಪ್ರಧಾನ ರಾಗವನ್ನೇ ನುಡಿಸುತ್ತಾರೆ. ಉಳಿದವರೆಲ್ಲ ಎರಡೇ ಪೆಟ್ಟಿನಲ್ಲಿ 'ಹೌದು ಹೌದು' ಎಂಬಂತೆ ಉತ್ತರಿಸುತ್ತಾರೆ. ನಮ್ಮ ಹಿಮ್ಮೇಳ ಮುಮ್ಮೇಳಗಳು ಜಾಗ ಬದಲಿಸಿಕೊಂಡಂತೆ! ತರಗತಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ಕೇಳಿಸಿದಾಗ ಬೆಂಚಿನ ಮೇಲೆ ಕೈಯಿಟ್ಟವರಿಗೆ ಮರದಲ್ಲಿ ಅದರ ನಡುಕ ಸಿಕ್ಕಿತು. ಚೇಂಬರ್ಸ್ 1969ರಲ್ಲಿ, 33ನೇ ವಯಸ್ಸಿನಲ್ಲಿಯೇ ತೀರಿಕೊಂಡರು.

ಪಟ್ಟಿಯಲ್ಲಿ ನಾಲ್ಕು ಮಂದಿ ಬರೆದಿದ್ದ ಹೆಸರೊಂದಿತ್ತು: ಜೇಮ್ಸ್ ಜೇಮರ್ಸನ್. ಈ ಹೆಸರನ್ನು ನಾವು ಆವರೆಗೆ ಕೇಳಿರಲಿಲ್ಲ. ಅವರ ವಾದನವನ್ನು ಮಾತ್ರ ಕೇಳಿದ್ದೆವು, ಬಹುಶಃ ನೀವೂ ಕೇಳಿದ್ದೀರಿ. 'ಮೈ ಗರ್ಲ್' ಎಂಬ 1964ರ ಹಾಡಿನ ಆರಂಭದಲ್ಲಿ ಎದೆಬಡಿತದಂತೆ ಬರುವ ಮೂರು ಸ್ವರಗಳ ಬೇಸ್ ಅವರದು. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ 1936ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಡೆಟ್ರಾಯಿಟ್ ನಗರಕ್ಕೆ ಬಂದ ಅವರು ಅಲ್ಲಿನ ಶಾಲೆಯಲ್ಲಿ ಡಬಲ್ ಬೇಸ್ ಕಲಿತರು. ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಟುಡಿಯೋದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ನುಡಿಸಿದರು. ಒಂದು ಮನೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಜಾಗವದು. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ತುಂಡಾಗದ ಹೊರತು ತಂತಿ ಬದಲಾಯಿಸುತ್ತಿರಲಿಲ್ಲ. ಹಳೆಯ ತಂತಿಯ ಮಂಕು ಸದ್ದೇ ಅವರಿಗೆ ಬೇಕಾಗಿತ್ತು. (ನಮ್ಮ ಹುಡುಗ ಆರು ತಿಂಗಳಿಗೊಮ್ಮೆ ಹೊಸ ತಂತಿ ಕೇಳುತ್ತಾನೆಂದು ಅವನ ತಾಯಿ ದೂರುವುದುಂಟು. ಈ ಮಾಹಿತಿ ಅವರಿಗೆ ಉಪಯೋಗವಾಗಬಹುದು.)

ಆ ವರ್ಷಗಳ ಮೋಟೌನ್ ಹಾಡುಗಳು ಲೋಕವೆಲ್ಲ ಸುತ್ತಿದವು. ತಟ್ಟೆಗಳ ಮೇಲೆ ಗಾಯಕರ ಹೆಸರಿರುತ್ತಿತ್ತು, ಹಾಡು ಕಟ್ಟಿದವರ ಹೆಸರಿರುತ್ತಿತ್ತು. ನುಡಿಸಿದವರ ಹೆಸರು ಇರುತ್ತಿರಲಿಲ್ಲ. ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂ 1971ರಲ್ಲಿ ಬಂದಾಗ ಅದರ ಹೊದಿಕೆಯಲ್ಲಿ ಜೇಮರ್ಸನ್ ಅವರ ಹೆಸರು, ಸಾಟಿಯಿಲ್ಲದವರು ಎಂಬ ವಿಶೇಷಣದೊಂದಿಗೆ ಅಚ್ಚಾಯಿತು. ಅಷ್ಟರೊಳಗೆ ಅವರು ನೂರಾರು ಹಾಡುಗಳಿಗೆ ನುಡಿಸಿ ಮುಗಿಸಿದ್ದರು. ಮರುವರ್ಷ ಸಂಸ್ಥೆ ಲಾಸ್ ಏಂಜಲೀಸಿಗೆ ಹೋಯಿತು. ಹಿಂದೆಯೇ ಹೋದ ಅವರಿಗೆ ಅಲ್ಲಿ ಕೆಲಸ ಕಡಿಮೆಯಾಗುತ್ತ ಬಂತು, ಕುಡಿತ ಹೆಚ್ಚಾಯಿತು. ಮೋಟೌನಿನ 25ನೇ ವರ್ಷದ ಸಮಾರಂಭ 1983ರ ಮಾರ್ಚಿನಲ್ಲಿ ನಡೆದಾಗ ಅವರು ತಾವೇ ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕುಳಿತಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ವಯಸ್ಸು 47.

ಇಲ್ಲಿಗೆ ಬರುವಷ್ಟರಲ್ಲಿ ತರಗತಿ ಸದ್ದಿಲ್ಲದೆ ಕುಳಿತಿತ್ತು. ಹಿಂದಿನ ಬೆಂಚಿನಿಂದ ಒಬ್ಬಳು, "ಹಾಗಾದ್ರೆ ಅವರ ಹೆಸರು ಈಗ ಎಲ್ಲರಿಗೂ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ಹುಡುಗನ ಕೈಯಲ್ಲಿದ್ದ ಪಟ್ಟಿಯಂಥ ಪಟ್ಟಿಗಳಲ್ಲಿದೆ. ಹೆಸರು ಗೊತ್ತಿಲ್ಲದಿದ್ದರೂ ಬೇಸ್ ನುಡಿಸುವವರು ಆ ಕೈಯನ್ನು ಗುರುತು ಹಿಡಿದಿದ್ದರು. ಇದನ್ನು ಕೇಳು, ಇದೂ ಅವನದೇ ಇರಬೇಕು ಎಂದು ತಟ್ಟೆಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರೂ ತಮಗೆ ಪ್ರೇರಣೆಯಾದವರಲ್ಲಿ ಜೇಮರ್ಸನ್ ಒಬ್ಬರೆಂದು ಹೇಳಿಕೊಂಡಿದ್ದಾರೆ. 1989ರಲ್ಲಿ ಜೇಮರ್ಸನ್ ಜೀವನದ ಮೇಲೆ, ಅವರ ಬೇಸ್ ಸ್ವರಲಿಪಿಗಳೊಂದಿಗೆ ಒಂದು ಪುಸ್ತಕ ಬಂತು. 2002ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರವೂ ಬಂತು.

ಮೆಕಾರ್ಟ್ನಿಯವರನ್ನು ಪ್ರಭಾವಿಸಿದ ಇನ್ನೊಂದು ಆಲ್ಬಂ ಕೂಡ ಪಟ್ಟಿಯಲ್ಲಿತ್ತು. ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್', 1966. ಅದರ ಹಲವು ಹಾಡುಗಳಿಗೆ ಬೇಸ್ ನುಡಿಸಿದವರು ಕ್ಯಾರಲ್ ಕೇ ಎಂಬ ಮಹಿಳೆ. ಅವರು ಮೂಲತಃ ಗಿಟಾರ್ ವಾದಕಿ. 1963ರ ಸುಮಾರಿಗೆ ಒಂದು ದಿನ ಧ್ವನಿಮುದ್ರಣಕ್ಕೆ ಬೇಸ್ ವಾದಕ ಬಾರದೇ ಹೋದಾಗ ಆ ಜಾಗದಲ್ಲಿ ಕುಳಿತವರು, ಆಮೇಲೆ ಅಲ್ಲಿಂದ ಏಳಲೇ ಇಲ್ಲ. ಮೆಕಾರ್ಟ್ನಿಯವರು ಮುಂದಿನ ವರ್ಷದ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಂನಲ್ಲಿ ಅನೇಕ ಕಡೆ ಉಳಿದ ವಾದ್ಯಗಳೆಲ್ಲ ಮುಗಿದ ಮೇಲೆ, ಅವನ್ನು ಆಲಿಸುತ್ತ, ಕೊನೆಯಲ್ಲಿ ತಮ್ಮ ಬೇಸನ್ನು ಸೇರಿಸಿದರು. ಎಲ್ಲರ ಮಾತು ಕೇಳಿ ಆಮೇಲೆ ಬಾಯಿ ತೆರೆಯುವ ಹಿರಿಯರಿರುತ್ತಾರಲ್ಲ, ಹಾಗೆ.

ಜಾಕೋ ಪಾಸ್ಟೋರಿಯಸ್ ಅವರ 1976ರ ಆಲ್ಬಂ ಬಗ್ಗೆ ಹುಡುಗ ಬಹಳ ಉತ್ಸಾಹದಿಂದ ಮಾತನಾಡಿದ. ಮೆಟ್ಟುಗಳನ್ನು ಕಿತ್ತು ನಯಮಾಡಿದ ಬೇಸಿನಲ್ಲಿ, ಬರಿಯ ಕೋಂಗಾ ಚರ್ಮವಾದ್ಯದ ಜೊತೆ, ಮೊದಲ ಕೃತಿ ಸಾಗುತ್ತದೆ. ನಮ್ಮ ಕಿವಿಗೆ ಅದು ಬಹಳ ವೇಗವಾಯಿತು. ಅಭಿರುಚಿ ಅವರವರದು.

ನಾವೂ ಸುಮ್ಮನಿರಲಾರದೆ ನಮ್ಮ ಪಟ್ಟಿಯನ್ನು ಸೇರಿಸಿದೆವು. ಚಿಕ್ಕಂದಿನಲ್ಲಿ ನಮ್ಮ ತಂದೆಯವರ ಬಳಿ ಶಂಕರ್ ನಾಗ್ ಅವರ 'ಗೀತಾ' (1981) ಮತ್ತು ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಕ್ಯಾಸೆಟ್ಟುಗಳಿದ್ದವು. ಎರಡಕ್ಕೂ ಸಂಗೀತ ಇಳಯರಾಜ ಅವರದು. ಸಾವಿರ ಸಲ ಕೇಳಿದ ಹಾಡುಗಳು, ಸಾಹಿತ್ಯ ಬಾಯಿಪಾಠ. ಹುಡುಗ ತನ್ನ ದೊಡ್ಡ ಹೆಡ್‌ಫೋನನ್ನು ಕೊಟ್ಟು, "ಮೇಡಂ, ಹಾಡೋರನ್ನ ಬಿಟ್ಟು ಕೆಳಗಡೆ ಕೇಳಿ" ಎಂದ. ಕೇಳಿದೆವು. ಎಸ್. ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿಯವರ ದನಿಗಳ ಕೆಳಗೆ ಇನ್ನೊಂದು ಹಾಡು ನಡೆಯುತ್ತಿತ್ತು. ಅವರು ನಿಂತಲ್ಲಿ ಅದು ನಡೆಯುತ್ತಿತ್ತು, ಅವರು ಏರಿದಲ್ಲಿ ಅದು ಇಳಿಯುತ್ತಿತ್ತು. ಇಷ್ಟು ವರ್ಷ ನಾವು ಅರ್ಧ ಹಾಡನ್ನೇ ಕೇಳಿದ್ದೆವೇ ಎಂದು ನಾಚಿಕೆಯಾಯಿತು. ಆ ಕ್ಯಾಸೆಟ್ಟಿನ ಹೊದಿಕೆಯಲ್ಲಿ ಗಾಯಕರ, ಸಾಹಿತಿಗಳ ಹೆಸರಿದ್ದುದು ನೆನಪಿದೆ. ಬೇಸ್ ನುಡಿಸಿದವರ ಹೆಸರು ನೋಡಿದ ನೆನಪಿಲ್ಲ. ಇತ್ತೀಚಿನ ತಂಡಗಳಲ್ಲಿ ಹಾಗಿಲ್ಲ ಎಂಬುದು ಸಂತೋಷ. ಶಿಶುನಾಳ ಶರೀಫರ ತತ್ವಪದವನ್ನು ಹೊಸ ತಲೆಮಾರಿಗೆ ಮುಟ್ಟಿಸಿದ ರಘು ದೀಕ್ಷಿತ್ ತಂಡದ 2008ರ ಆಲ್ಬಂ ಕೇಳಿದವರಿಗೆ, ಅದರ ಬೇಸ್ ವಾದಕ ಗೌರವ್ ವಾಜ್ ಎಂಬುದು ತಿಳಿದಿರುತ್ತದೆ.

ಹುಡುಗ ಕೀಬೋರ್ಡಿಗೆ ಹೋಗಲಿಲ್ಲ. ನಮ್ಮ ತರಗತಿಯಿಂದಲೇ ಹೀಗಾಯಿತೆಂದು ಹೇಳುವಷ್ಟು ಧೈರ್ಯ ನಮಗಿಲ್ಲ. ಕೀಬೋರ್ಡಿನ ಜಾಗ ಖಾಲಿಯಿರಲಿಲ್ಲ ಎಂದು ಸಂಗೀತದ ಮೇಷ್ಟರು ಹೇಳುತ್ತಾರೆ. ಬೇಸಿಗೆ ರಜೆಯಲ್ಲಿ ಅವನು ಊರಿಗೆ ಹೋದಾಗ ಹೆಡ್‌ಫೋನನ್ನು ಒಯ್ದು ಅಜ್ಜಿಯ ತಲೆಗೆ ಹಾಕಿ, ಅದೇ ವಾರ್ಷಿಕೋತ್ಸವದ ಹಾಡನ್ನು ಕೇಳಿಸಿದನಂತೆ. ಅಜ್ಜಿ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಈ ಗುಂಯ್‌ಗುಡೋದು ನೀನಾ?" ಎಂದರಂತೆ. ಹೌದೆಂದ. "ಎರಡನೇ ಚರಣದಲ್ಲಿ ಒಂದು ಕಡೆ ತಪ್ಪಿದ್ಯಲ್ಲೋ" ಎಂದರಂತೆ. ನಿಜವಾಗಿಯೂ ತಪ್ಪಿದ್ದ. ಸಭಾಂಗಣದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

ಈಗ ಮನೆಗೆಲಸ. ನಿಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನು ಆರಿಸಿಕೊಳ್ಳಿ. ಮೊಬೈಲಿನ ಸ್ಪೀಕರ್ ಬೇಡ, ಹೆಡ್‌ಫೋನಿನಲ್ಲಿ ಎರಡು ಸಲ ಕೇಳಿ. ಮೊದಲ ಸಲ ಹಾಡುವವರನ್ನು, ಎರಡನೇ ಸಲ ಹಾಡುವವರನ್ನು ಬಿಟ್ಟು ಕೆಳಗಿನದನ್ನು. ಎಷ್ಟನೇ ನಿಮಿಷದಲ್ಲಿ ಏನು ಕೇಳಿಸಿತು, ನುಡಿಸಿದವರು ಯಾರು ಎಂಬುದನ್ನು ಹುಡುಕಿ ಎಂಟು ವಾಕ್ಯಗಳಲ್ಲಿ ಬರೆದು ತನ್ನಿ. 'ಚೆನ್ನಾಗಿದೆ' ಎಂಬ ಪದ ಬಳಸಿದರೆ ಅರ್ಧ ಅಂಕ ಕಡಿತ.